ಇಂಗ್ಲಿಷಿನಲ್ಲಿ ಬೈಬಲ್‌ಗೆ ಕ್ಯಾಪಿಟಲ್ ಅಕ್ಷರ, ಬಿಬ್ಲಿಕಲ್‌ಗೆ ಯಾಕಿಲ್ಲ?

ಬೈಬಲ್ ಅನ್ನೋದು ಒಂದು ಗ್ರಂಥದ ಹೆಸರು. ಹೆಸರು ಅಂದಮೇಲೆ ಮೊದಲಕ್ಷರ ಕ್ಯಾಪಿಟಲ್, ಅಷ್ಟೇ. ಕುರಾನ್, ಯಹೂದಿಗಳ ತೋರಾ, ವೇದ, ಭಗವದ್ಗೀತೆ ಎಲ್ಲಕ್ಕೂ ಇದೇ ಲೆಕ್ಕ. ಆದರೆ ಯಾವುದೋ ಕೈಪಿಡಿಯನ್ನು ಹೊಗಳಲು 'ಇದು ತೋಟಗಾರರ ಬೈಬಲ್' ಎಂದು ಬರೆದರೆ ಅಲ್ಲಿ ಬಿ ಚಿಕ್ಕದು, ಯಾಕಂದ್ರೆ ಮಾತು ಆ ಗ್ರಂಥದ ಬಗ್ಗೆ ಅಲ್ವಲ್ಲ.

ಗೋಜಲು ಇರುವುದು ಗುಣವಾಚಕಗಳಲ್ಲಿ. ಇಂಗ್ಲಿಷ್ ಬರವಣಿಗೆಯ ನಿಯಮ ಹೇಳುವ ಎಪಿ (ಅಸೋಸಿಯೇಟೆಡ್ ಪ್ರೆಸ್) ಮತ್ತು ಶಿಕಾಗೊ, ಎರಡೂ ಶೈಲಿ ಕೈಪಿಡಿಗಳು ಬಿಬ್ಲಿಕಲ್ (ಬೈಬಲಿಗೆ ಸಂಬಂಧಿಸಿದ) ಪದವನ್ನು ಚಿಕ್ಕಕ್ಷರದಲ್ಲೇ ಬರೆಯಲು ಹೇಳುತ್ತವೆ, ಆದರೆ ಕುರಾನಿಕ್, ವೇದಿಕ್ ಸಾಮಾನ್ಯವಾಗಿ ಕ್ಯಾಪಿಟಲ್. ಸುಮ್ನೆ ತರ್ಕ ಹುಡುಕಬೇಡಿ, ಇದು ರೂಢಿ.

ಗಾಡ್ ಪದವೂ ಹಾಗೇ. ಒಬ್ಬನೇ ದೇವರ ಹೆಸರಿನಂತೆ ಬಳಸಿದರೆ ಜಿ ದೊಡ್ಡದು, 'ಗ್ರೀಕರ ದೇವರುಗಳು' ಎಂದರೆ ಚಿಕ್ಕದು. ದೇವರನ್ನು ಸೂಚಿಸುವ 'ಹಿ' (ಅವನು) ಪದಕ್ಕೆ ಕ್ಯಾಪಿಟಲ್ ಹಾಕುವುದು ಭಕ್ತಿಯ ವಿಷಯ, ವ್ಯಾಕರಣದ್ದಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲೇ ಆ ಪದ್ಧತಿ ಇಲ್ಲ!

ಇನ್ನು ಜಾಸ್ತಿ ಜನ ಎಡವುವುದು ಮದರ್ ಪದದಲ್ಲಿ. 'ಮೈ ಮದರ್' ಎಂದರೆ ಚಿಕ್ಕಕ್ಷರ, ಅಮ್ಮನನ್ನೇ 'ಮದರ್' ಎಂದು ಕರೆದರೆ ಕ್ಯಾಪಿಟಲ್. ಆ ಜಾಗದಲ್ಲಿ ಅಮ್ಮನ ಹೆಸರು ಹಾಕಿ ಓದಿ ನೋಡಿ, ವಾಕ್ಯ ಸರಿಯಾಗಿ ಕೂತರೆ ಕ್ಯಾಪಿಟಲ್ ಬೇಕು. 'ಮೈ ಮೇರಿ' ಕೂರುವುದಿಲ್ಲ, ಅಲ್ವಾ? ವಾರದ ದಿನಗಳ, ತಿಂಗಳುಗಳ ಹೆಸರಿಗೆ ಯಾವಾಗಲೂ ಕ್ಯಾಪಿಟಲ್. ಸಮ್ಮರ್, ವಿಂಟರ್‌ಗೆ ಬೇಡ.