ಪೈಲ್ಸ್ ಇದೆ ಅಂತ ಗೊತ್ತಾದ ಮೇಲೂ ಕೊಲೊನೋಸ್ಕೋಪಿ ಯಾಕೆ, ಹೊಟ್ಟೆ ಸ್ಕ್ಯಾನ್ ಸಾಲದೇ?

ಮೂರು ತಿಂಗಳಿಂದ ಮಲದ ಜೊತೆ ರಕ್ತ, ಊರ ಡಾಕ್ಟರು ಪೈಲ್ಸ್ ಅಂದರು, ಗ್ಯಾಸ್ಟ್ರೋ ಡಾಕ್ಟರು (ಹೊಟ್ಟೆ-ಕರುಳಿನ ತಜ್ಞರು) ಮಾತ್ರ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಬಿಟ್ಟು ದೊಡ್ಡ ಕರುಳು ನೋಡಬೇಕು ಅಂತಾರೆ, ದುಡ್ಡಿಗೋಸ್ಕರ ಇರಬಹುದಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ಐದು ವರ್ಷದ ಹಿಂದೆ ನಾನೇ ಬರೆದಿದ್ದೆನೇನೋ ಅನ್ನಿಸಿತು.

ಮಾಗಡಿಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಆಗ ವಯಸ್ಸು 47. ನಾನು ಹೊಟ್ಟೆ ಸ್ಕ್ಯಾನ್ ಮಾಡಿಸಿಕೊಂಡೇ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋಗಿದ್ದೆ, ಎಲ್ಲ ನಾರ್ಮಲ್ ಅಂತ ಬಂದಿತ್ತು. ಮೇಡಂ ಅದನ್ನು ಪಕ್ಕಕ್ಕಿಟ್ಟು, "ಇದರಲ್ಲಿ ಲಿವರ್ರು, ಪಿತ್ತಕೋಶ ಕಾಣುತ್ತೆ. ದೊಡ್ಡ ಕರುಳಿನ ಒಳಗೋಡೆಯ ಮೇಲಿನ ಗಂಟನ್ನ ಇದು ತೋರಿಸುತ್ತೆ ಅಂತ ನಂಬೋಕಾಗಲ್ಲ" ಅಂದು ಕೊಲೊನೋಸ್ಕೋಪಿಗೆ ದಿನ ಕೊಟ್ಟರು. ಜೊತೆಗೆ ಒಂದು ಚೀಟಿ: ಎರಡು ದಿನ ರಾಗಿ, ಕಾಳು, ಸೊಪ್ಪು, ಟೊಮೆಟೊ, ಬೀಜ ಇರುವ ಹಣ್ಣು ಮುಟ್ಟಬೇಡಿ, ಬಿಳಿ ಅನ್ನ, ಇಡ್ಲಿ, ಮೊಸರಷ್ಟೇ.

ಜನವರಿ ತಿಂಗಳು. ಮಾಗಡಿಯಲ್ಲಿ ಜನವರಿ ಅಂದರೆ ಅವರೆಕಾಯಿ. ಹಿಂದಿನ ಮಧ್ಯಾಹ್ನ ಅತ್ತೆ ಮನೆಯಿಂದ ಹಿತಕಿದ ಬೇಳೆ ಸಾರು ಬಂತು. ಎರಡು ಮುದ್ದೆ ಇಳಿಸಿದೆ. ಇಷ್ಟಕ್ಕೇ ನಿಲ್ಲಿಸಿದ್ದರೂ ಬಚಾವಾಗುತ್ತಿದ್ದೆನೇನೋ.

ಎರಡು ಲೀಟರ್ ನೀರಿಗೆ ಕರುಳು ಖಾಲಿ ಮಾಡುವ ಒಂದು ಪುಡಿ ಕಲಸಿ ಕುಡಿಯಬೇಕಿತ್ತು, ಸಂಜೆ ಒಂದು ಲೀಟರ್, ಬೆಳಗಿನ ಜಾವ ನಾಲ್ಕಕ್ಕೆ ಇನ್ನೊಂದು. ಉಪ್ಪುಪ್ಪು, ಅಂಟಂಟು, ಮೇಲೆ ನಿಂಬೆಹಣ್ಣಿನ ಸುಳ್ಳು ವಾಸನೆ. ಸಂಜೆಯದು ಕುಡಿದು ರಾತ್ರಿ ಹತ್ತು ಸಲ ಓಡಾಡಿದೆ. ನಾಲ್ಕಕ್ಕೆ ಅಲಾರಂ ಹೊಡೆದಾಗ ತಲೆಗೆ ಬಂದದ್ದು ಆರೂವರೆ ಬಸ್ಸು. ಬೆಂಗಳೂರಿಗೆ ಹೋಗುವಾಗ ತಾವರೆಕೆರೆ ಹತ್ತಿರ ಒತ್ತಿಕೊಂಡು ಬಂದರೆ ಯಾರನ್ನ ಕೇಳೋದು? ಎರಡನೇ ಲೀಟರನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದೆ. (ಗಿಡ ಇವತ್ತಿಗೂ ಚೆನ್ನಾಗಿದೆ.) ಆಸ್ಪತ್ರೆಯಲ್ಲಿ ಸಿಸ್ಟರ್, "ಪೂರ್ತಿ ಕುಡುದ್ರಾ? ನೀರಿನ ಥರ ಹೋಯ್ತಾ?" ಅಂತ ಕೇಳಿದ್ದಕ್ಕೆ ಹೂಂ ಅಂದೆ.

ಆ ಎರಡನೇ ಲೀಟರ್ ಏನು ಮಾಡುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತೇನೆ. ಸಂಜೆಯದು ಕರುಳಲ್ಲಿರುವ ಮಲವನ್ನು ಹೊರಗೆ ಹಾಕುತ್ತೆ. ಆದರೆ ರಾತ್ರಿಯಿಡೀ ಸಣ್ಣ ಕರುಳಿಂದ ಪಿತ್ತ ಬೆರೆತ ದ್ರವ ಇಳಿಯುತ್ತಲೇ ಇರುತ್ತೆ. ಅದು ಮೊದಲು ಬಂದು ಬೀಳುವುದು ದೊಡ್ಡ ಕರುಳಿನ ಬಲಭಾಗಕ್ಕೆ. ಬೆಳಗಾಗುವಷ್ಟರಲ್ಲಿ ಅಲ್ಲಿನ ಗೋಡೆಗೆ ಹಳದಿ ಲೇಪ ಕೂತಿರುತ್ತೆ. ಚಪ್ಪಟೆ ಗಂಟುಗಳು ಅಡಗುವುದು ಅದರಡಿಯಲ್ಲೇ. ಜಾವದ ಲೀಟರ್ ಇರುವುದು ಆ ಲೇಪ ತೊಳೆಯೋದಕ್ಕೆ. ಅದನ್ನು ಬಿಟ್ಟರೆ ಕ್ಯಾಮೆರಾ ಸರಿಯಾಗಿ ನೋಡುವುದು ಅರ್ಧ ಕರುಳನ್ನು ಮಾತ್ರ, ದುಡ್ಡು ಕೊಡುವುದು ಪೂರ್ತಿಗೆ.

ರಿಪೋರ್ಟಿನಲ್ಲಿ ಸ್ವಚ್ಛತೆಗೆ ಅಂಕ ಬರೆದಿದ್ದರು: ಎಡಕ್ಕೆ 2, ನಡುವೆ 2, ಬಲಕ್ಕೆ 0. ಒಂದೊಂದು ಭಾಗಕ್ಕೆ 3ರಂತೆ ಒಟ್ಟು 9ಕ್ಕೆ. "ಪೈಲ್ಸ್ ಇದೆ. ಬಲಗಡೆ ಏನೂ ಕಾಣಲಿಲ್ಲ, ಆದಷ್ಟು ಬೇಗ ಇನ್ನೊಂದು ಸಲ ಬನ್ನಿ" ಅಂದರು ಮೇಡಂ. ನನಗೆ ಕೇಳಿಸಿದ್ದು ಮೊದಲ ಎರಡು ಪದ. ಪೈಲ್ಸ್ ಇದ್ದದ್ದು ನಿಜ, ಕೆಂಪು ರಕ್ತ ಅದರದ್ದೇ. ಆ ನಿಜವೇ ನನ್ನನ್ನು ಎರಡು ವರ್ಷ ಸುಮ್ಮನೆ ಕೂರಿಸಿತು.

ಆಮೇಲೆ ಸಿಮೆಂಟ್ ಮೂಟೆ ಎತ್ತಿದರೆ ಏದುಸಿರು. ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಮತ್ತೆ ಅದೇ ಮೇಡಂ, ಈ ಸಲ ಬೆಂಗಳೂರಿನ ಭಾವನ ಮನೆಯಲ್ಲಿ ಹಿಂದಿನ ದಿನವೇ ಠಿಕಾಣಿ, ಎರಡೂ ಲೀಟರ್. ಬಲಭಾಗದಲ್ಲಿ ಮೂರು ಸೆಂಟಿಮೀಟರಿನ ಗಂಟು. ಸಾಮಾನ್ಯವಾಗಿ ಇಂಥದ್ದಕ್ಕೆ ಬುಡದಲ್ಲಿ ಸಲೈನ್ ಚುಚ್ಚಿ ಮೇಲೆತ್ತಿ, ತಂತಿಯ ಉರುಳು ಹಾಕಿ, ಕರೆಂಟು ಕೊಟ್ಟು ಅದೇ ಕೊಳವೆಯಲ್ಲೇ ಕತ್ತರಿಸಿಬಿಡುತ್ತಾರಂತೆ. 1969ರಲ್ಲಿ ನ್ಯೂಯಾರ್ಕಿನಲ್ಲಿ ವುಲ್ಫ್ ಮತ್ತು ಶಿನ್ಯಾ ಅನ್ನುವವರು ಶುರುಮಾಡಿದ ಕೆಲಸ ಇದು. ಅದಕ್ಕೆ ಮುಂಚೆ ಕರುಳಿನ ಮೇಲ್ಭಾಗದ ಗಂಟಿಗೆ ಹೊಟ್ಟೆ ಕುಯ್ಯಬೇಕಿತ್ತು. ನನ್ನ ಗಂಟು ಸಲೈನ್ ಚುಚ್ಚಿದರೂ ಏಳಲಿಲ್ಲ. ಬೇರು ಆಳಕ್ಕೆ ಇಳಿದಿರಬಹುದು ಅಂದರು. ಬಯಾಪ್ಸಿಯಲ್ಲಿ ಕ್ಯಾನ್ಸರ್. ಸರ್ಜನ್ ಒಂದಡಿ ಕರುಳು ತೆಗೆದರು. ದುಗ್ಧಗ್ರಂಥಿಗಳಿಗೆ ಹರಡಿರಲಿಲ್ಲ, ಕೀಮೋ ಬೇಡವಾಯ್ತು. ಒಂದು ಲೀಟರ್ ಕುಡಿಯದ್ದಕ್ಕೆ ಒಂದಡಿ ಕರುಳು. ಆ ಎರಡು ವರ್ಷದ ಹಿಂದೆ ಅದು ಎಷ್ಟು ದೊಡ್ಡದಿತ್ತು ಅನ್ನೋ ಲೆಕ್ಕ ಈಗಲೂ ರಾತ್ರಿ ಕಾಡುತ್ತೆ.

ಆದ್ದರಿಂದ ಸ್ಕ್ಯಾನಾ ಕ್ಯಾಮೆರಾನಾ ಅನ್ನೋ ಚರ್ಚೆಯನ್ನೇ ನಾನು ಒಪ್ಪಲ್ಲ. ಪೈಲ್ಸ್ ಇರೋರಿಗೆ ಗಂಟು ಇರಬಾರದು ಅಂತ ಕಾನೂನಿಲ್ಲ. ದುಡ್ಡಿಗೋಸ್ಕರ ಅನ್ನೋ ಮಾತೂ ಬಿಡಿ. ಅವತ್ತು ನನ್ನ ಪಕ್ಕದ ಮಂಚದಲ್ಲಿ ಕುಣಿಗಲ್ ಕಡೆಯ ಅಜ್ಜಿಯೊಬ್ಬರು, ಕಾಮಾಲೆಯಾಗಿ ಮೈಯೆಲ್ಲ ಅರಿಶಿನದ ಬಣ್ಣ. ಪಿತ್ತನಾಳದ ಕಲ್ಲನ್ನು ಬಾಯಿಂದ ಕೊಳವೆ ಇಳಿಸಿ ತೆಗೆದಿದ್ದರು, ಹೊಟ್ಟೆಗೆ ಒಂದು ಗಾಯವಿಲ್ಲ. ಅದಕ್ಕೆ ಇಆರ್‌ಸಿಪಿ ಅಂತಾರೆ. ಈ ಡಾಕ್ಟರುಗಳ ಕೈಕಸಬೇ ಕೊಳವೆ, ಬಡಗಿ ಉಳಿ ಹಿಡಿದ ಅಂತ ಬೈಯ್ಯೋಕಾಗುತ್ತಾ?

ನೋವಿನ ಭಯ ಇದ್ದರೆ: ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ನನಗೆ ನೆನಪಿರೋದು ಎಡಕ್ಕೆ ಮಗ್ಗುಲಾಗಿ ಅಂದದ್ದು, ಆಮೇಲೆ ಎಚ್ಚರಾಗಿ ಗ್ಯಾಸ್ ಬಿಟ್ಟದ್ದು. ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಏನಾದರೂ ನುಂಗುತ್ತಿದ್ದರೆ ಮೊದಲೇ ಹೇಳಿ. ಆಸ್ಪತ್ರೆ ದೂರವಿದ್ದರೆ ಹಿಂದಿನ ದಿನವೇ ಹೋಗಿ ಅಲ್ಲೇ ಎಲ್ಲಾದರೂ ಉಳಿಯಿರಿ. ಕುಡಿಯಲಾಗದಿದ್ದರೆ ಸಿಸ್ಟರ್‌ಗೆ ನಿಜ ಹೇಳಿ. ಮಧ್ಯಾಹ್ನಕ್ಕೆ ಮುಂದೂಡಿ ಇನ್ನಷ್ಟು ಕುಡಿಸುತ್ತಾರೆ, ಬೈಗುಳ ಒಂದು ನಿಮಿಷದ್ದು. ಮುಗಿದ ಮೇಲೆ "ಏನು ಸಿಕ್ತು?" ಅಂತ ಕೇಳುವ ಮೊದಲು "ಕೊನೆವರೆಗೂ ಹೋದ್ರಾ, ಬಲಗಡೆ ಕ್ಲೀನ್ ಇತ್ತಾ?" ಅಂತ ಕೇಳಿ.

ಆಪರೇಷನ್ ಆದ ವರ್ಷಕ್ಕೆ ಮಾಡಿಸಿದ್ದು ಸ್ವಚ್ಛವಾಗಿ ಬಂತು. ಮುಂದಿನ ವರ್ಷ ಇನ್ನೊಂದು ಇದೆ. ಜನವರಿ ಬೇಡ ಮೇಡಂ, ಮಾರ್ಚ್ ಕೊಡಿ ಅಂದಿದ್ದೇನೆ.