ಇಎಲ್‌ಎಫ್ ಫೈಲ್ ಓದುವ ಟೂಲ್ ಸೆಗ್‌ಫಾಲ್ಟ್ ಆಗುವ ಬಗ್ಗೆ

ನಮಸ್ಕಾರ. ನೀವು ಸಿ ಭಾಷೆಯಲ್ಲಿ ಬರೆದು ನಿರ್ವಹಿಸುತ್ತಿರುವ ಟೂಲ್, ರೂಟರಿನ ಫರ್ಮ್‌ವೇರ್‌ನಿಂದ ತೆಗೆದ 64 ಬಿಟ್ ಇಎಲ್‌ಎಫ್ ಫೈಲ್ (ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ಪ್ರೋಗ್ರಾಂಗಳನ್ನು ಇಡುವ ಫೈಲ್ ಮಾದರಿ) ಕೊಟ್ಟ ಕೂಡಲೇ ಸೆಗ್‌ಫಾಲ್ಟ್ ಆಗುತ್ತದೆ, ಅಂದರೆ ಮುಟ್ಟಬಾರದ ಮೆಮೊರಿಯನ್ನು ಮುಟ್ಟಿ ನಿಂತುಹೋಗುತ್ತದೆ ಎಂದಿದ್ದೀರಿ. ಎಲ್ಲವನ್ನೂ ರಸ್ಟ್‌ನಲ್ಲಿ ಮತ್ತೆ ಬರೆಯಬೇಕೇ ಎಂದೂ ಕೇಳಿದ್ದೀರಿ. ಈಗಲೇ ಬೇಡ ಎನ್ನುವುದು ನನ್ನ ಸಲಹೆ. ಫೈಲ್ ಹೇಳಿದ್ದನ್ನೆಲ್ಲ ನಂಬುವ ಕೋಡನ್ನು ಹಾಗೆಯೇ ರಸ್ಟ್‌ಗೆ ತಂದರೆ, ಅದು ಅದೇ ಜಾಗದಲ್ಲಿ ಪ್ಯಾನಿಕ್ ಆಗಿ ನಿಲ್ಲುತ್ತದೆ.

ನೀವು ಹಾಕಿರುವ ಕೋಡ್ ತುಣುಕಿನಲ್ಲಿ ಆಫ್‌ಸೆಟ್ (ಓದಬೇಕಾದ ಭಾಗ ಫೈಲಿನ ಆರಂಭದಿಂದ ಎಷ್ಟು ದೂರದಲ್ಲಿದೆ ಎಂಬುದು) ಮತ್ತು ಆ ಭಾಗದ ಗಾತ್ರವನ್ನು ಕೂಡಿಸಿ, ಮೊತ್ತವು ಫೈಲಿನ ಉದ್ದವನ್ನು ಮೀರಿದೆಯೇ ಎಂದು ನೋಡುತ್ತಿದ್ದೀರಿ. ಎರಡೂ 64 ಬಿಟ್ ಸಂಖ್ಯೆಗಳಾದ್ದರಿಂದ, ಅವು ತೀರಾ ದೊಡ್ಡದಿದ್ದಾಗ ಮೊತ್ತ ಉಕ್ಕಿ ಸೊನ್ನೆಯ ಹತ್ತಿರಕ್ಕೆ ಬರುತ್ತದೆ, ತಪಾಸಣೆ ಸುಮ್ಮನೆ ದಾಟಿಹೋಗುತ್ತದೆ. ಮೊದಲು ಗಾತ್ರವು ಫೈಲಿನ ಉದ್ದದೊಳಗಿದೆಯೇ ಎಂದು ನೋಡಿ. ಆಮೇಲೆ ಉದ್ದದಲ್ಲಿ ಗಾತ್ರವನ್ನು ಕಳೆದು, ಆಫ್‌ಸೆಟ್ ಆ ಶೇಷವನ್ನು ಮೀರಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇದನ್ನು ಒಂದೇ ಫಂಕ್ಷನ್‌ನಲ್ಲಿಟ್ಟು, ಫೈಲಿನ ಪ್ರತಿಯೊಂದು ಓದೂ ಅದರ ಮೂಲಕವೇ ನಡೆಯುವಂತೆ ಮಾಡಿ.

ಸೆಕ್ಷನ್‌ಗಳ, ಅಂದರೆ ಇಎಲ್‌ಎಫ್ ಫೈಲಿನೊಳಗಿನ ಹೆಸರಿಟ್ಟ ಭಾಗಗಳ, ಎಣಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಫೈಲಿನ ಆರಂಭದ ಹೆಡರ್‌ನಲ್ಲಿ ಅದಕ್ಕಿರುವುದು 16 ಬಿಟ್ ಮಾತ್ರ. ಸೆಕ್ಷನ್‌ಗಳು 65280 ಅಥವಾ ಅದಕ್ಕಿಂತ ಹೆಚ್ಚಾದರೆ ಅಲ್ಲಿ ಸೊನ್ನೆ ಬರೆದು, ನಿಜವಾದ ಎಣಿಕೆಯನ್ನು ಮೊದಲನೆಯ ಸೆಕ್ಷನ್ ಹೆಡರ್‌ನ ಗಾತ್ರದ ಜಾಗದಲ್ಲಿ ಇಡಲಾಗುತ್ತದೆ. ಸೆಕ್ಷನ್ ಟೇಬಲ್ಲನ್ನೇ ಕಿತ್ತುಹಾಕಿದ ಫೈಲಿನಲ್ಲೂ ಎಣಿಕೆ ಸೊನ್ನೆಯೇ. ಎರಡನ್ನೂ ಬೇರ್ಪಡಿಸುವುದು ಟೇಬಲ್ಲಿನ ಆಫ್‌ಸೆಟ್: ಅದೂ ಸೊನ್ನೆಯಾಗಿದ್ದರೆ ಟೇಬಲ್ ಇಲ್ಲ. ಆಗ ಪ್ರೋಗ್ರಾಂ ಹೆಡರ್‌ಗಳನ್ನೂ (ಮೆಮೊರಿಗೆ ಏನನ್ನು ತರಬೇಕೆಂದು ಹೇಳುವ ಪಟ್ಟಿ) ಡೈನಮಿಕ್ ಸೆಗ್ಮೆಂಟನ್ನೂ (ಬೇಕಾದ ಲೈಬ್ರರಿಗಳಂಥ ಲಿಂಕಿಂಗ್ ವಿವರ) ಓದಿ, ಏಕೆಂದರೆ ಕರ್ನಲ್‌ಗೂ ಡೈನಮಿಕ್ ಲೋಡರ್‌ಗೂ ಪ್ರೋಗ್ರಾಂ ಓಡಿಸಲು ಸೆಕ್ಷನ್‌ಗಳು ಬೇಕಿಲ್ಲ.

ಇಷ್ಟು ಎಚ್ಚರಿಕೆ ಅತಿಯೆನಿಸಿದರೆ, 2014ರಲ್ಲಿ ಗ್ನೂ ಬಿನ್‌ಯುಟಿಲ್ಸ್ ಎಂಬ ಟೂಲ್‌ಗಳ ಕಟ್ಟಿನ ಸ್ಟ್ರಿಂಗ್ಸ್ ಕಮಾಂಡಿಗೆ ಆದದ್ದನ್ನು ನೆನೆಯಿರಿ. ಅಕ್ಷರಗಳನ್ನು ಹುಡುಕುವುದಷ್ಟೇ ಅದರ ಕೆಲಸವೆಂದು ಜನ ಸಂಶಯಾಸ್ಪದ ಫೈಲುಗಳ ಮೇಲೂ ಅದನ್ನು ಓಡಿಸುತ್ತಿದ್ದರು. ಆದರೆ ಅದು ಒಳಗೆ ಅದೇ ಕಟ್ಟಿನ ಬಿಎಫ್‌ಡಿ ಲೈಬ್ರರಿಯ ಮೂಲಕ ಫೈಲಿನ ರಚನೆಯನ್ನೂ ಬಿಡಿಸುತ್ತಿತ್ತು, ದೋಷ ಅಲ್ಲೇ ಸಿಕ್ಕಿತು. ಆಮೇಲೆ, ರಚನೆಯನ್ನು ಬಿಡಿಸದೆ ಇಡೀ ಫೈಲನ್ನು ಓದುವುದನ್ನೇ ಅದರ ಡೀಫಾಲ್ಟ್ ಮಾಡಲಾಯಿತು.

ನಿಮ್ಮ ಟೂಲಿನ ಔಟ್‌ಪುಟ್‌ನ ಕಾಲಂಗಳ ಕ್ರಮವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಪಠ್ಯವನ್ನು ಹುಡುಕಿ ಬಿಡಿಸುವ ಗ್ರೆಪ್, ಆಕ್ ಕಮಾಂಡುಗಳಿಗೆ ಅದನ್ನು ಪೈಪ್ ಮಾಡಿರುವವರ ಸ್ಕ್ರಿಪ್ಟ್‌ಗಳು ಮುರಿಯುತ್ತವೆ. ಹೊಸ ವಿವರವನ್ನು ಹೊಸ ಆಯ್ಕೆಯಡಿ ಕೊಡಿ.

ಇಂದೇ ಮಾಡಬಹುದಾದ ಪರೀಕ್ಷೆಯೊಂದಿದೆ. 64 ಬಿಟ್ ಇಎಲ್‌ಎಫ್ ಹೆಡರ್ ಸರಿಯಾಗಿ 64 ಬೈಟ್ ಇರುತ್ತದೆ. ಸರಿಯಿರುವ ಒಂದು ಫೈಲನ್ನು 0ಯಿಂದ 63 ಬೈಟ್‌ವರೆಗಿನ ಪ್ರತಿ ಉದ್ದಕ್ಕೂ ಕತ್ತರಿಸಿ, ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪುಗಳನ್ನು ಹಿಡಿಯುವ ಕಂಪೈಲರ್ ಸೌಲಭ್ಯ) ಹಾಕಿ ಬಿಲ್ಡ್ ಮಾಡಿದ ಟೂಲ್‌ಗೆ ಕೊಡಿ. 64 ಸಲವೂ ಸ್ಪಷ್ಟ ದೋಷ ಸಂದೇಶವೇ ಬರಬೇಕು. ಬರದಿದ್ದ ಉದ್ದ ಯಾವುದೆಂದು ಇಲ್ಲಿ ತಿಳಿಸಿ, ಕೋಡನ್ನು ಒಟ್ಟಿಗೆ ನೋಡೋಣ.