ಕೋಳಿ ಸಾಕಣೆಯಲ್ಲಿ ಸ್ವಂತ ಬಲದಿಂದ ಮೇಲೆ ಬಂದವರು ಯಾರಾದರೂ ಇದ್ದಾರೆಯೇ?

ನಾನು ಮೊದಲು ಹೇಳುವ ಹೆಸರು ಡಾ. ಬಿ.ವಿ. ರಾವ್. 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರುಮಾಡಿದರು. ಕೋಳಿಮರಿ ಉತ್ಪಾದನೆಯಿಂದ ಲಸಿಕೆ ತಯಾರಿಕೆವರೆಗೆ ಆ ಕಂಪನಿ ಬೆಳೆಯಿತು. ಆದರೆ ಅವರ ದೊಡ್ಡ ಕೆಲಸ ಬೇರೆಯೇ ಇದೆ. ಆಗ ಮೊಟ್ಟೆಗೆ ದಲ್ಲಾಳಿ ಹೇಳಿದ್ದೇ ದರ. ಮೊಟ್ಟೆ ಕೂಡಿಟ್ಟು ಕಾಯುವ ಸರಕಲ್ಲವಲ್ಲ, ಫೀಡ್ ಖರ್ಚು ಹುಟ್ಟದಿದ್ದರೂ ರೈತ ಟ್ರೇ ಎತ್ತಿ ಕೊಡಲೇಬೇಕಿತ್ತು. ರಾವ್ ಊರೂರು ಸುತ್ತಿ ಸಾಕಣೆದಾರರನ್ನು ಒಟ್ಟುಗೂಡಿಸಿದರು. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಅಂದರೆ ಎನ್‌ಇಸಿಸಿ, ಹುಟ್ಟಿತು. ಈಗ ಮೈಸೂರು, ಹೊಸಪೇಟೆಗೆಲ್ಲ ನೂರು ಮೊಟ್ಟೆಗೆ ಇಷ್ಟು ಅಂತ ದಿನವೂ ಬರುವ ದರ ಅದರದ್ದೇ. (ಅದು ಸೂಚನಾ ದರವಷ್ಟೇ, ಅಂಗಡಿಯವನ ಹತ್ತಿರ ವಾದಕ್ಕೆ ನಿಲ್ಲಬೇಡಿ!) ರಾವ್ ಅವರಿಗೆ 1990ರಲ್ಲಿ ಪದ್ಮಶ್ರೀ ಬಂತು, 1996ರಲ್ಲಿ ತೀರಿಕೊಂಡರು.